ಊರಿಗೆ ಬಂದವಳ ಮೊದಲ ಹೇಳಿಕೆ: ಒಂದು ಪ್ರಕರಣ ಅಧ್ಯಯನ

ಕೊಲೆ ನಡೆದ ಊರಲ್ಲೇ ಹುಟ್ಟಿ ಬೆಳೆದವಳು ಆ ಕೊಲೆಯ ತನಿಖೆ ಮಾಡಬಹುದಾ? ಮಾಡಬಾರದು ಅನ್ನುವವರು ಪಕ್ಷಪಾತದ ಮಾತಾಡುತ್ತಾರೆ. ಮಾಡಬೇಕು ಅನ್ನುವವರು ಅವಳಿಗೆ ಊರಿನ ಸಂದುಗೊಂದು ಗೊತ್ತು ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಅದಕ್ಕೇ ಒಂದು ಪ್ರಕರಣವನ್ನು ಮೊದಲಿಂದ ಕೊನೆವರೆಗೆ ಬಿಡಿಸಿ ನೋಡೋಣ ಅನ್ನಿಸಿತು. ಪ್ರಕರಣ ನಾನು ಕಟ್ಟಿದ್ದು. ಊರಿಗೂ ಜನರಿಗೂ ಹೆಸರಿಟ್ಟಿಲ್ಲ. ನಡುನಡುವೆ ಇಸವಿ ಹಾಕಿ ಹೇಳುವ ಸಂಶೋಧನೆಗಳು ಮತ್ತು ಘಟನೆಗಳು ಮಾತ್ರ ನಿಜವಾಗಿ ನಡೆದವು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಊರು ಗೊತ್ತಿರುವವಳು ಮೊದಲು ಸಾಕ್ಷಿ, ಆಮೇಲೆ ಅಧಿಕಾರಿ. ಉಳಿದ ಸಾಕ್ಷಿಗಳ ಹಾಗೆ ಅವಳ ಹೇಳಿಕೆಯನ್ನೂ ಬರೆಸಿಕೊಳ್ಳಬೇಕು. ಅದನ್ನೂ ಒರೆಗೆ ಹಚ್ಚಬೇಕು.

ಗುರುವಾರ ಬೆಳಿಗ್ಗೆ

ಸತ್ತವರು ನಿವೃತ್ತ ಶಾಲಾ ಶಿಕ್ಷಕಿ. ವಯಸ್ಸು 71. ಒಬ್ಬರೇ ಇದ್ದರು. ಮನೆಯ ಹಿಂಭಾಗದಲ್ಲಿ ಒಂದು ಸಣ್ಣ ಕೋಣೆ. ಹರಿದ ಪುಸ್ತಕಗಳಿಗೆ ಬೈಂಡಿಂಗ್ ಹಾಕುವುದು ಅವರಿಗೆ ಇಷ್ಟದ ಕೆಲಸ. ಶಾಲೆಯ ಹಳೇ ರಿಜಿಸ್ಟರುಗಳೂ ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು.

ಬೆಳಿಗ್ಗೆ 7.10ಕ್ಕೆ ಪಕ್ಕದ ಮನೆಯಾಕೆ ಅವರನ್ನು ಆ ಕೋಣೆಯ ನೆಲದ ಮೇಲೆ ನೋಡಿದರು. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಿತ್ತು. ಕಿಟಕಿ ತೆರೆದಿತ್ತು. ಹಿಂಬಾಗಿಲಿಗೆ ಬೀಗ ಹಾಕಿರಲಿಲ್ಲ. ಪುಸ್ತಕ ಒತ್ತಿಡೋಕೆ ಬಳಸುವ ಎರಡು ಕಬ್ಬಿಣದ ಗಟ್ಟಿಗಳಲ್ಲಿ ಒಂದು ಕಾಣಿಸಲಿಲ್ಲ.

ಅಧಿಕಾರಿಗೆ ಫೋನ್ ಬಂದಾಗ ಗಂಟೆ 8.30. ಅವಳಿಗೆ 38 ವರ್ಷ. ಊರು ಬಿಟ್ಟಾಗ 18. ಸತ್ತ ಟೀಚರ್ ಅವಳಿಗೆ ಮೂರು ವರ್ಷ ಪಾಠ ಹೇಳಿದವರು. ಇದನ್ನು ಅವಳು ಅದೇ ಫೋನಿನಲ್ಲಿ ಮೇಲಧಿಕಾರಿಗೆ ಹೇಳಿದಳು. ಮುಚ್ಚಿಡಲಿಲ್ಲ, ಆಮೇಲೆ ಹೇಳಿದರಾಯ್ತು ಅಂತ ತಳ್ಳಲೂ ಇಲ್ಲ. ರಕ್ತಸಂಬಂಧ ಇದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು, ಬೇರೆಯವರು ಹೋಗುತ್ತಿದ್ದರು. ಹಣಕಾಸಿನ ನಂಟಿದ್ದರೂ ಅಷ್ಟೇ. ಹಳೇ ವಿದ್ಯಾರ್ಥಿನಿ ಅನ್ನುವುದು ಮಾತ್ರ ಆ ಕಡೆಗೂ ಸೇರದ, ಈ ಕಡೆಗೂ ಸೇರದ ನಂಟು. ಮೇಲಧಿಕಾರಿ ಒಂದು ಏರ್ಪಾಡು ಮಾಡಿದರು. ಆ ಊರಿನ ಮುಖವನ್ನೇ ನೋಡಿರದ ಒಬ್ಬ ಸಹೋದ್ಯೋಗಿ ಜೊತೆಗೆ ಹೋಗಬೇಕು. ಅವನ ಅಧಿಕಾರ ಇವಳಿಗೆ ಸಮ. ಇವಳಿಗೆ ಪರಿಚಯ ಇರುವ ಯಾರ ಬಗ್ಗೆಯೂ ತೀರ್ಮಾನ ತೆಗೆದುಕೊಳ್ಳುವುದು ಅವನೇ.

ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅನ್ನುವ ಗಾದೆ ಇದೆಯಲ್ಲ. ಇವಳು ಊರು ತಲುಪುವ ಮೊದಲೇ ಊರು ಇವಳಿಗಾಗಿ ನೀರಿನ ಹತ್ತಿರ ಕಾಯುತ್ತಿತ್ತು. ದಾರಿಯಲ್ಲಿ, 9.40ಕ್ಕೆ, ಅವಳ ಫೋನ್ ರಿಂಗಾಯಿತು. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿ. ತಿಂಗಳಿಗೊಮ್ಮೆಯಾದರೂ ಮಾತಾಡುವವರು. ಗೆಳತಿ ಅಳುತ್ತಿದ್ದಳು. ಆರು ನಿಮಿಷ ಮಾತಾಡಿದರು.

ಆ ಫೋನ್ ತೆಗೆಯಬಾರದಿತ್ತು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಸಾವಿನ ಸುದ್ದಿ ಕೇಳಿ ಅಳುತ್ತಿರುವ ಗೆಳತಿಯ ಕರೆಯನ್ನು ಕತ್ತರಿಸುವುದು ಎಷ್ಟು ಕಷ್ಟ ಅಂತಲೂ ಗೊತ್ತು. ಆದರೆ ತಪ್ಪು ತಪ್ಪೇ. ಇವಳನ್ನು ಉಳಿಸಿದ್ದು ಆಮೇಲೆ ಮಾಡಿದ ಕೆಲಸ.

ನಾಲ್ಕು ಪುಟ

11.15ಕ್ಕೆ ಊರು ತಲುಪಿದರು. ಅವಳು ನೇರ ಮನೆಯೊಳಗೆ ಹೋಗಲಿಲ್ಲ. ಕಾರಿನಲ್ಲೇ ಕೂತು ನಾಲ್ಕು ಪುಟ ಬರೆದಳು. ಊರಿನ ಬಗ್ಗೆ, ಟೀಚರ್ ಬಗ್ಗೆ, ಟೀಚರಿಗೆ ಆಗದವರ ಬಗ್ಗೆ ತನಗೆ ಏನೇನು ಗೊತ್ತು ಅನ್ನಿಸುತ್ತದೋ ಎಲ್ಲ. ಪ್ರತಿ ಸಾಲಿನ ಪಕ್ಕ ಒಂದು ಗುರುತು: ನೋಡಿದ್ದು, ಕೇಳಿದ್ದು, ಅಂದುಕೊಂಡದ್ದು. ಸಹಿ ಹಾಕಿ, ಸಮಯ ಬರೆದು, ಲಕೋಟೆಗೆ ಹಾಕಿ ಸಹೋದ್ಯೋಗಿಯ ಕೈಗೆ ಕೊಟ್ಟಳು.

ಆ ಪುಟಗಳಲ್ಲಿ ಮೂರು ವಿಷಯ ನಮಗೆ ಮುಖ್ಯ.

ಎರಡನೇ ಪುಟದಲ್ಲಿ: ಟೀಚರ್ ಹಿಂಬಾಗಿಲಿಗೆ ಯಾವತ್ತೂ ಬೀಗ ಹಾಕುವುದಿಲ್ಲ, ಪುಸ್ತಕ ಬೇಕಾದ ಮಕ್ಕಳು ಯಾವಾಗ ಬೇಕಾದರೂ ಬರಲಿ ಅಂತ. ಗುರುತು: ನೋಡಿದ್ದು.

ಮೂರನೇ ಪುಟದಲ್ಲಿ: 26 ವರ್ಷದ ಹಿಂದೆ ಶಾಲೆಯ ಶೆಡ್ಡಿಗೆ ಬೆಂಕಿ ಬಿತ್ತು. ನನಗೆ 12 ವರ್ಷ. 15 ವರ್ಷದ ಒಬ್ಬ ಹುಡುಗ ಕೈಯಲ್ಲಿ ಡಬ್ಬಿ ಹಿಡಿದು ಗೋಡೆ ಹಾರಿ ಓಡಿದ್ದನ್ನು ನೋಡಿದೆ. ಮುಂದಿನ ವಾರ ದೊಡ್ಡವರು ಕೇಳಿದಾಗ ಹಾಗೇ ಹೇಳಿದೆ. ಇನ್ನಿಬ್ಬರು ಮಕ್ಕಳೂ ಹೇಳಿದರು. ಅವನನ್ನು ಶಾಲೆಯಿಂದ ತೆಗೆದರು, ಎರಡು ವರ್ಷ ಬಾಲಾಪರಾಧಿಗಳ ಮನೆಯಲ್ಲಿಟ್ಟರು. ಅವನ ವಿರುದ್ಧ ಶಾಲೆಯ ಪರವಾಗಿ ಮಾತಾಡಿದವರು ಇದೇ ಟೀಚರ್. ಗುರುತು: ನೋಡಿದ್ದು.

ನಾಲ್ಕನೇ ಪುಟದಲ್ಲಿ: ಬೆಳಿಗ್ಗೆ 9.40ರ ಕರೆ, ನೆನಪಿದ್ದಷ್ಟು ಮಾತು ಮಾತಾಗಿ. ಅದರಲ್ಲಿ ಗೆಳತಿ ಅಂದ ಒಂದು ವಾಕ್ಯ: “ಹಿಂಬಾಗಿಲಿಂದಾನೇ ಬಂದಿರಬೇಕು ಅಲ್ವಾ, ಟೀಚರ್ ಅದನ್ನ ಇವತ್ತಿಗೂ ಹಾಕ್ತಾನೇ ಇರಲಿಲ್ಲ.”

ಇಷ್ಟು ಬೇಗ ಯಾಕೆ ಬರೆಯಬೇಕು? ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜೊತೆಗಾರ ಜಾನ್ ಪಾಮರ್ ಒಂದು ಪ್ರಯೋಗ ಪ್ರಕಟಿಸಿದರು. 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ತೋರಿಸಿದರು. ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಅಂತ 50 ಜನರನ್ನು ಕೇಳಿದರು. ‘ತಾಗಿದಾಗ’ ಎಷ್ಟಿತ್ತು ಅಂತ ಇನ್ನು 50 ಜನರನ್ನು. ಉಳಿದ 50 ಜನರಿಗೆ ವೇಗದ ಪ್ರಶ್ನೆಯೇ ಇಲ್ಲ. ವಾರದ ನಂತರ ಒಡೆದ ಗಾಜು ಕಂಡಿರಾ ಅಂದರೆ, ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರಲ್ಲಿ 16 ಜನ ಹೌದು ಅಂದರು. ತಾಗಿದಾಗ ಅಂತ ಕೇಳಿಸಿಕೊಂಡವರಲ್ಲಿ 7, ಪ್ರಶ್ನೆಯೇ ಇಲ್ಲದವರಲ್ಲಿ 6. ಆ ತುಣುಕಿನಲ್ಲಿ ಒಡೆದ ಗಾಜು ಇರಲೇ ಇಲ್ಲ. ಒಂದೇ ಒಂದು ಕ್ರಿಯಾಪದ ಗಾಜು ಒಡೆದಿತ್ತು! ಅಂದಮೇಲೆ ಇಡೀ ಊರಿನ ಮಾತು ಕೇಳಿದ ಮೇಲೆ ಇವಳ ನೆನಪು ಎಲ್ಲಿ ನಿಲ್ಲುತ್ತೆ? ಅದಕ್ಕೇ ಊರು ಬಾಯಿ ಬಿಡುವ ಮೊದಲೇ ಬರೆಯಬೇಕು.

ಬರೆದದ್ದೇನೋ ಸರಿ. ಆದರೆ ಮನೆಯೊಳಗೆ ಹೋದ ಐದನೇ ನಿಮಿಷಕ್ಕೆ ಅವಳು ಎರಡನೇ ತಪ್ಪು ಮಾಡಿದಳು. ಹಿಂಬಾಗಿಲ ಹತ್ತಿರ ನಿಂತಿದ್ದ ತಂಡಕ್ಕೆ, “ಇದನ್ನ ಲೆಕ್ಕಕ್ಕೆ ತಗೋಬೇಡಿ, ಇದು ಯಾವಾಗಲೂ ತೆರೆದೇ ಇರೋ ಬಾಗಿಲು” ಅಂದಳು. ತಂಡ ಬಾಗಿಲನ್ನು ಬಿಟ್ಟು ಕಿಟಕಿಯ ಕಡೆ ಹೋಯಿತು. ಹೊರಗಿನಿಂದ ಬಂದ ಅಧಿಕಾರಿಯಾಗಿದ್ದರೆ ಬೀಗವಿಲ್ಲದ ಬಾಗಿಲನ್ನು ಕಂಡು ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಯಾಕೆ ಅಂತ. ಇವಳಿಗೆ ಉತ್ತರ ಗೊತ್ತಿತ್ತು. ಹಾಗಾಗಿ ಪ್ರಶ್ನೆ ಹುಟ್ಟಲಿಲ್ಲ.

ಒಂಬತ್ತು ಬಾಯಿ

ಸಂಜೆಯೊಳಗೆ 11 ಜನ ಹೇಳಿಕೆ ಕೊಟ್ಟರು. 9 ಜನ ಒಬ್ಬನ ಹೆಸರನ್ನೇ ಹೇಳಿದರು. ಬೆಂಕಿ ಹಚ್ಚಿದ ಆ ಹುಡುಗ. ಈಗ ಅವನಿಗೆ 41. ಎರಡು ವರ್ಷದ ಹಿಂದೆ ಊರಿಗೆ ವಾಪಸ್ ಬಂದಿದ್ದ. ಗೋದಾಮೊಂದರಲ್ಲಿ ರಾತ್ರಿ ಪಾಳಿ ಕೆಲಸ. ಬುಧವಾರ ಸಂಜೆ ಟೀಚರ್ ಮನೆ ಕಡೆ ಅವನನ್ನು ಕಂಡೆ ಅಂತ ಇಬ್ಬರು ಹೇಳಿದರು. ಉಳಿದ ಏಳು ಜನರಿಗೆ ಹೇಗೆ ಗೊತ್ತು ಅಂತ ಸಹೋದ್ಯೋಗಿ ಒಬ್ಬೊಬ್ಬರನ್ನೇ ಕೇಳಿದ. ಎಲ್ಲರ ಮಾತೂ ತಿರುಗಿ ತಿರುಗಿ ಆ ಇಬ್ಬರಿಗೇ ಬಂದು ನಿಂತಿತು. ಕಾಗದದ ಮೇಲೆ ಒಂಬತ್ತು ಸಾಕ್ಷಿ. ಅಸಲಿಗೆ ಎರಡು.

ಆಮೇಲೆ ಬೆರಳಚ್ಚು ಸಿಕ್ಕಿತು. ಬೈಂಡಿಂಗ್ ಕೋಣೆಯ ಮೇಜಿನ ಡ್ರಾಯರಿನಲ್ಲಿ, ಅಂಟು ಕಾಗದದ ಅಡಿಯಲ್ಲಿ, ಟೀಚರ್ ಅವರ ಬ್ಯಾಂಕ್ ಪಾಸ್‌ಬುಕ್ ಇತ್ತು. ಅದರ ರಟ್ಟಿನ ಮೇಲೆ ಬೇರೆಯವರ ಬೆರಳಚ್ಚು. ಸಹೋದ್ಯೋಗಿ ಇಲ್ಲಿ ಎಚ್ಚರ ವಹಿಸಿದ. ಅಚ್ಚುಗಳನ್ನು ಪ್ರಯೋಗಾಲಯಕ್ಕೆ ಕಳಿಸುವಾಗ ಊರಿನ ಕಥೆಯನ್ನು ಕಳಿಸಲಿಲ್ಲ. ಯಾರ ಮೇಲೆ ಅನುಮಾನ, ಯಾಕೆ ಅನುಮಾನ, ಒಂದು ಸಾಲೂ ಇಲ್ಲ.

ಇದಕ್ಕೆ ಕಾರಣ ಇದೆ. 2004ರ ಮಾರ್ಚ್‌ನಲ್ಲಿ ಸ್ಪೇನಿನ ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸ್ಫೋಟವಾಯಿತು. ಆ ತನಿಖೆಯಲ್ಲಿ ಸಿಕ್ಕ ಬೆರಳಚ್ಚು ಅಮೆರಿಕದ ಒರೆಗಾನ್‌ನ ಒಬ್ಬ ವಕೀಲರದ್ದು ಅಂತ ಎಫ್‌ಬಿಐ ಪರಿಣತರು ಹೇಳಿದರು. ಸುಮಾರು ಎರಡು ವಾರ ಅವರನ್ನು ಹಿಡಿದಿಟ್ಟರು. ಸ್ಪೇನ್ ಪೊಲೀಸರು ಅದು ಬೇರೊಬ್ಬನದ್ದು ಅಂತ ತೋರಿಸಿದ ಮೇಲೆ ತಪ್ಪು ಒಪ್ಪಿದರು. ಇಟಿಯೆಲ್ ಡ್ರೋರ್ ಮತ್ತು ಜೊತೆಗಾರರು ಇದನ್ನೇ ಹಿಡಿದು 2006ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಐವರು ಪರಿಣತರಿಗೆ ಎರಡು ಅಚ್ಚು ಕೊಟ್ಟು, ಇದು ಆ ಮ್ಯಾಡ್ರಿಡ್ ಪ್ರಕರಣದ ತಪ್ಪು ಹೊಂದಿಕೆ ಅಂತ ಕಿವಿಗೆ ಹಾಕಿದರು. ಅಸಲಿಗೆ ಅವು ಅದೇ ಪರಿಣತರು ಕೆಲವು ವರ್ಷದ ಹಿಂದೆ ಹೊಂದುತ್ತವೆ ಅಂತ ಸಹಿ ಹಾಕಿದ್ದ ಅಚ್ಚುಗಳು. ಐವರಲ್ಲಿ ನಾಲ್ವರು ತಮ್ಮದೇ ತೀರ್ಮಾನ ಬದಲಿಸಿದರು. ಅಚ್ಚು ಅದೇ, ಕಣ್ಣು ಅದೇ. ಕಥೆ ಮಾತ್ರ ಬೇರೆ.

ಈ ಪ್ರಕರಣದಲ್ಲಿ ಕಥೆ ಇಲ್ಲದೆ ಕಳಿಸಿದ ಅಚ್ಚು ವಾಪಸ್ ಬಂತು. ಅದು ಅವನದ್ದೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಯೋಗಾಲಯ ಸರಿಯಾದ ಉತ್ತರ ಕೊಟ್ಟಿತು. ಆದರೆ ಅದು ಉತ್ತರಿಸಿದ್ದು ಯಾರು ಮುಟ್ಟಿದರು ಅನ್ನುವ ಪ್ರಶ್ನೆಗೆ. ಯಾವಾಗ, ಯಾಕೆ ಮುಟ್ಟಿದರು ಅನ್ನುವುದು ಬೆರಳಚ್ಚಿನಲ್ಲಿ ಬರೆದಿರಲ್ಲ. 1910ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಪೊಲೀಸ್ ಪ್ರಯೋಗಾಲಯ ಶುರು ಮಾಡಿದ ಎಡ್ಮಂಡ್ ಲೋಕಾರ್ ಅವರ ತತ್ವವನ್ನು ಎಲ್ಲರೂ ಹೇಳುತ್ತಾರೆ: ಎರಡು ವಸ್ತು ತಾಗಿದರೆ ಒಂದರ ಗುರುತು ಇನ್ನೊಂದಕ್ಕೆ ಅಂಟುತ್ತದೆ. ನಿಜವೇ. ಆದರೆ ಸಣ್ಣ ಊರಲ್ಲಿ ಎಲ್ಲರ ಗುರುತೂ ಎಲ್ಲ ಕಡೆ ಅಂಟಿರುತ್ತದೆ. ಪಕ್ಕದ ಮನೆಯಾಕೆಯ ಕೂದಲು, ಗೆಳತಿಯ ಬೆರಳಚ್ಚು, ನಾಲ್ಕು ಹಳೇ ವಿದ್ಯಾರ್ಥಿಗಳ ಕೈಗುರುತು, ಎಲ್ಲ ಆ ಕೋಣೆಯಲ್ಲಿದ್ದವು. ಅಲ್ಲಿ ಇರುವುದಕ್ಕೆ ಕಾರಣವೇ ಇಲ್ಲದ ಗುರುತು ಯಾವುದು ಅಂತ ಹುಡುಕಬೇಕು. ಅವನ ಅಚ್ಚಿಗೆ ಕಾರಣ ಇಲ್ಲ ಅಂತ ಊರು ಅಂದುಕೊಂಡಿತ್ತು. ಇವಳೂ ಅಂದುಕೊಂಡಳು.

ಒಮ್ಮೆ ಒಬ್ಬನೇ ಅಂತ ಅನ್ನಿಸಿಬಿಟ್ಟರೆ ಎಷ್ಟು ದೂರ ಹೋಗುತ್ತೇವೆ ಅನ್ನೋದಕ್ಕೆ ಇಂಗ್ಲೆಂಡಿನ ಯಾರ್ಕ್‌ಶೈರ್ ಉದಾಹರಣೆ ನನ್ನನ್ನು ಬಿಡುವುದೇ ಇಲ್ಲ. 1979ರಲ್ಲಿ ಅಲ್ಲಿ ಸರಣಿ ಕೊಲೆಗಳ ತನಿಖೆ ನಡೆದಿತ್ತು. ನಾನೇ ಕೊಲೆಗಾರ ಅನ್ನುವ ಧ್ವನಿಯ ಕ್ಯಾಸೆಟ್ ಒಂದು ಪೊಲೀಸರಿಗೆ ಬಂತು. ಮಾತಿನ ಧಾಟಿ ಸಂಡರ್‌ಲ್ಯಾಂಡ್ ಕಡೆಯದು. ಆ ಧಾಟಿ ಇಲ್ಲದವರ ಮೇಲಿನ ಅನುಮಾನ ಸಡಿಲವಾಯಿತು. ಕ್ಯಾಸೆಟ್ ಸುಳ್ಳು. ನಿಜವಾದ ಕೊಲೆಗಾರ 1981ರ ಜನವರಿಯಲ್ಲಿ ಸಿಕ್ಕಿದ. ಅಷ್ಟರೊಳಗೆ ಪೊಲೀಸರು ಅವನನ್ನು ಒಂಬತ್ತು ಸಲ ವಿಚಾರಿಸಿ ಬಿಟ್ಟಿದ್ದರು.

ಬೀಗ ತಿರುಗಿದ ಸದ್ದು

ಅವನನ್ನು ಮೊದಲು ಸ್ಥಳೀಯ ಪೊಲೀಸರು ವಿಚಾರಿಸಿದರು. ಮೂರು ಗಂಟೆ. ಯಾಕೆ ಹೊಡೆದೆ, ಗಟ್ಟಿ ಎಲ್ಲಿ ಬಿಸಾಕಿದೆ, ಹಳೇ ಸೇಡಲ್ವಾ. ಅವನು ಬಾಯೇ ಬಿಡಲಿಲ್ಲ. 15 ವರ್ಷದವನಿದ್ದಾಗ ಬಾಯಿ ಬಿಟ್ಟು ಏನಾಯಿತು ಅಂತ ಅವನಿಗೆ ಗೊತ್ತಿತ್ತಲ್ಲ.

ಶುಕ್ರವಾರ ಬೆಳಿಗ್ಗೆ ಸಹೋದ್ಯೋಗಿ ಒಬ್ಬನೇ ಕೂತ. ಇವಳು ಆ ಕೋಣೆಗೆ ಹೋಗಲಿಲ್ಲ. ಹೋಗಬಾರದು ಅಂತ ಅವಳೇ ಹೇಳಿದಳು, ತಾನು ಅವನ ವಿರುದ್ಧ ಹೇಳಿಕೆ ಕೊಟ್ಟ ಮೂರು ಮಕ್ಕಳಲ್ಲಿ ಒಬ್ಬಳು ಅಂತ.

ಸಹೋದ್ಯೋಗಿ ಬಳಸಿದ ವಿಧಾನ ಹೊಸದೇನಲ್ಲ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸಲ್‌ಮನ್ ರೂಪಿಸಿದ್ದು. ಸಾಕ್ಷಿಯನ್ನು ಮನಸ್ಸಿನಲ್ಲೇ ಆ ಜಾಗಕ್ಕೆ, ಆ ಹೊತ್ತಿಗೆ ವಾಪಸ್ ಕರೆದುಕೊಂಡು ಹೋಗುವುದು. ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು, ಬೇಡದ್ದು ಅನ್ನಿಸಿದರೂ ಎಲ್ಲ ಹೇಳಿಸುವುದು. ನಡುವೆ ಬಾಯಿ ಹಾಕದಿರುವುದು. ಆಮೇಲೆ ಅದನ್ನೇ ಕೊನೆಯಿಂದ ಮೊದಲಿಗೆ ಹೇಳಿಸುವುದು. ಬಾಯಿ ಹಾಕದಿರುವುದೇ ಎಲ್ಲಕ್ಕಿಂತ ಕಷ್ಟ. ಇಂಗ್ಲೆಂಡ್ ಮತ್ತು ವೇಲ್ಸ್ ಪೊಲೀಸರು 1990ರ ದಶಕದ ಆರಂಭದಲ್ಲೇ ತಪ್ಪೊಪ್ಪಿಗೆ ಕೀಳುವುದನ್ನು ಬಿಟ್ಟು ಮಾಹಿತಿ ಕೇಳುವ ವಿಧಾನಕ್ಕೆ ತಿರುಗಿದ್ದೂ ಇಂಥದೇ ಅನುಭವದಿಂದ.

ಅವನು ನಿಧಾನಕ್ಕೆ ಮಾತಾಡಿದ. ಎರಡು ವರ್ಷದಿಂದ ವಾರಕ್ಕೊಮ್ಮೆ ಟೀಚರ್ ಮನೆಗೆ ಹೋಗುತ್ತಿದ್ದೆ. ಅವರೇ ಹೇಳಿಕಳಿಸಿದ್ದರು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಈಚೆಗೆ ಅವರ ಕಣ್ಣು ಮಂಜಾಗಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಬುಧವಾರ ಸಂಜೆ 6.30ಕ್ಕೆ ಹೋದೆ. ಪಾಸ್‌ಬುಕ್ ಕೈಗೆ ಕೊಟ್ಟು ಓದು ಅಂದರು. ಎಂಟು ತಿಂಗಳಲ್ಲಿ 14 ಸಲ ಹಣ ತೆಗೆದಿದ್ದರು. ಟೀಚರಿಗೆ ಗೊತ್ತಿದ್ದದ್ದು ಮೂರು. ಅವರು ಏನೂ ಅನ್ನಲಿಲ್ಲ. ಪಾಸ್‌ಬುಕ್ ಡ್ರಾಯರಿನಲ್ಲಿ ಅಡಗಿಸಿದರು. ಹಿಂಬಾಗಿಲಿಂದ ಕಳಿಸಿಕೊಟ್ಟರು. 7.10 ಇರಬಹುದು, ಪಾಳಿಗೆ ಹೊತ್ತಾಗಿತ್ತು.

ಕೊನೆಯಿಂದ ಮೊದಲಿಗೆ ಹೇಳುವಾಗ ಒಂದು ಹೊಸ ಮಾತು ಬಂತು. ಮೆಟ್ಟಿಲು ಇಳಿದೆ. ಅದಕ್ಕೆ ಮೊದಲು ಬೀಗ ತಿರುಗಿದ ಸದ್ದು ಕೇಳಿದೆ. ಒಳಗಿಂದ.

ಸಹೋದ್ಯೋಗಿ ಎದ್ದು ನೇರ ಆ ಬಾಗಿಲಿಗೆ ಹೋದ. ಹಳೇ ಬಾಗಿಲು, ಬಣ್ಣ ಉದುರಿದ ಮರ. ಅದರಲ್ಲಿ ಹೊಳೆಯುವ ಹೊಸ ಬೀಗ! ಎಲ್ಲರೂ ನೋಡಿದ್ದರು, ಯಾರೂ ಕಂಡಿರಲಿಲ್ಲ. ಟೀಚರ್ ಅವರ ಕಾಗದಗಳ ನಡುವೆ ಅದರ ರಸೀದಿ ಸಿಕ್ಕಿತು. ಎಂಟು ತಿಂಗಳ ಹಿಂದಿನದು. ಮೂರು ಕೀಲಿ ಕೊಟ್ಟಿದ್ದೇವೆ ಅಂತ ಬರೆದಿತ್ತು. ಒಂದು ಮನೆಯೊಳಗೆ ಮೊಳೆಗೆ ತೂಗುಹಾಕಿತ್ತು. ಒಂದು ಪಕ್ಕದ ಮನೆಯಾಕೆಯ ಹತ್ತಿರ ಇತ್ತು. ಕಣ್ಣು ಮಂಜಾದ ಮೇಲೆ ಟೀಚರಿಗೆ ಭಯ ಶುರುವಾಗಿತ್ತು, ಕತ್ತಲಾಗುತ್ತಲೇ ಬಾಗಿಲು ಹಾಕಿಬಿಡುತ್ತಿದ್ದರು ಅಂತ ಆಕೆ ಹೇಳಿದರು. ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಅಂದರೆ, “ಯಾರೂ ಕೇಳಲಿಲ್ಲವಲ್ಲ” ಅಂದರು.

ಇವಳ ತಲೆಯಲ್ಲಿದ್ದ ಊರು 20 ವರ್ಷ ಹಳೆಯದು. ಆ ಊರಲ್ಲಿ ಟೀಚರಿಗೆ ಕಣ್ಣು ಚೆನ್ನಾಗಿತ್ತು, ಬಾಗಿಲು ತೆರೆದಿರುತ್ತಿತ್ತು.

ಮೂರನೇ ಕೀಲಿ?

ಸಹೋದ್ಯೋಗಿ ಲಕೋಟೆ ತೆಗೆದು ನಾಲ್ಕನೇ ಪುಟ ಮತ್ತೆ ಓದಿದ. “ಇವತ್ತಿಗೂ ಹಾಕ್ತಾನೇ ಇರಲಿಲ್ಲ.”

ಗೆಳತಿ

ಗೆಳತಿ ಟೀಚರಿಗೆ ತುಂಬ ಹತ್ತಿರದವಳು. ಕಣ್ಣು ಮಂಜಾದ ಮೇಲೆ ಬ್ಯಾಂಕಿನ ಕೆಲಸ ಪೂರ್ತಿ ಅವಳದೇ. ಪ್ರತಿ ವಾರ ಹೋಗುತ್ತಿದ್ದಳು, ಅದೂ ಹಿಂಬಾಗಿಲಿಂದ. ಹೊಸ ಬೀಗ ಹಾಕಿಸೋಕೆ ಜನ ಕರೆತಂದವಳೂ ಅವಳೇ ಅಂತ ಪಕ್ಕದ ಮನೆಯಾಕೆ ಹೇಳಿದರು. ಅಂಥವಳು ಗುರುವಾರ ಸಂಜೆ ಕೊಟ್ಟ ಹೇಳಿಕೆಯಲ್ಲಿ ಎರಡು ಮಾತು ಇದ್ದವು: ಹಿಂಬಾಗಿಲು ಯಾವಾಗಲೂ ತೆರೆದಿರುತ್ತೆ, ನನ್ನ ಹತ್ತಿರ ಆ ಮನೆಯ ಕೀಲಿ ಇಲ್ಲ.

ಗಾಬರಿಯಲ್ಲಿ ಹಳೇ ನೆನಪು ಹೇಳಿರಬಹುದಲ್ಲ? ಸಹೋದ್ಯೋಗಿ ಇದನ್ನೂ ಯೋಚಿಸಿದ. ಒಂದೇ ಸಲ ಹೇಳಿದ್ದರೆ ಹಾಗೆ ಅಂದುಕೊಳ್ಳಬಹುದಿತ್ತು. ಆದರೆ ಬೆಳಿಗ್ಗೆ ಫೋನಿನಲ್ಲೂ ಅದೇ ಮಾತು, ಸಂಜೆ ಬರವಣಿಗೆಯಲ್ಲೂ ಅದೇ ಮಾತು. ಬೆಳಿಗ್ಗೆ 9.40ಕ್ಕೆ ಬೀಗದ ವಿಷಯ ತನಿಖೆಯಲ್ಲೇ ಇರಲಿಲ್ಲ. ಅಧಿಕಾರಿಯ ತಲೆಯಲ್ಲಿರುವ ಹಳೇ ಬಾಗಿಲನ್ನು ಅವಳು ತೆಗೆದುಕೊಟ್ಟಳು. ಅಧಿಕಾರಿ ಅದನ್ನೇ ತಂಡಕ್ಕೆ ದಾಟಿಸಿದಳು. ಆ ಕರೆ ಕಾಗದದ ಮೇಲೆ ಇಲ್ಲದಿದ್ದರೆ ಈ ಎಳೆ ಯಾರ ಕೈಗೂ ಸಿಗುತ್ತಿರಲಿಲ್ಲ. ಬಾಗಿಲಿನ ಮಾತು ತನ್ನದೇ ನೆನಪು ಅಂತ ಅಧಿಕಾರಿ ಕೊನೆವರೆಗೂ ನಂಬಿರುತ್ತಿದ್ದಳು.

ಗೆಳತಿಯ ಹೆಸರು ಬಂದ ಕೂಡಲೇ, ಶುಕ್ರವಾರ ಮಧ್ಯಾಹ್ನ, ಇವಳು ಪ್ರಕರಣದಿಂದ ಹೊರಗೆ ಬಂದಳು. ಫೈಲು, ನೋಟ್‌ಬುಕ್, ತನ್ನ ಫೋನ್ ಎಲ್ಲ ಕೊಟ್ಟಳು. ಊರಲ್ಲೂ ಉಳಿಯಲಿಲ್ಲ. ಅವಳು ಅಲ್ಲೇ ಇದ್ದು ಗೆಳತಿಯಿಂದ ಸತ್ಯ ಹೊರಡಿಸಬಹುದಿತ್ತು ಅಂತ ಕೆಲವರು ವಾದಿಸುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಸ್ನೇಹವನ್ನು ಗಾಳ ಮಾಡಿ ಹಿಡಿದ ಮಾತು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ನಿಂತರೂ ಅದು ಸರಿಯಾದ ದಾರಿ ಅಲ್ಲ.

ಇನ್ನು ಸಮಯದ ಲೆಕ್ಕ. ವೈದ್ಯರು ಗುರುವಾರ ಬೆಳಿಗ್ಗೆ 9.15ಕ್ಕೆ ಅಳೆದಾಗ ದೇಹದ ಒಳಗಿನ ಉಷ್ಣತೆ 25.6 ಡಿಗ್ರಿ ಸೆಲ್ಸಿಯಸ್. ಕೋಣೆಯದು 14. ಗಂಟೆಗೆ ಒಂದು ಡಿಗ್ರಿ ಇಳಿಯುತ್ತದೆ ಅನ್ನುವ ಅಂದಾಜು ಲೆಕ್ಕ ಹಾಕಿ ಸ್ಥಳೀಯ ಪೊಲೀಸರು ರಾತ್ರಿ ಸುಮಾರು 9.50 ಅಂದಿದ್ದರು. ಗೆಳತಿ 9.30ರಿಂದ ಮಧ್ಯರಾತ್ರಿವರೆಗೆ ಬೇರೆ ಮನೆಯಲ್ಲಿ ಆರು ಜನರ ಜೊತೆ ಇದ್ದಳು. ಅಲ್ಲಿಗೆ ಅವಳು ಪಟ್ಟಿಯಿಂದ ಹೊರಗೆ. ಆದರೆ ದೇಹ ತಣ್ಣಗಾಗುವುದು ಹಾಗೆ ಸಮನಾಗಿ ಅಲ್ಲ. ಮೊದಲು ಸ್ವಲ್ಪ ಹೊತ್ತು ಹೆಚ್ಚು ಇಳಿಯುವುದೇ ಇಲ್ಲ. ಆಮೇಲೆ ಬೇಗ, ಆಮೇಲೆ ಮತ್ತೆ ನಿಧಾನ. ದೇಹದ ತೂಕ, ಬಟ್ಟೆ, ಸುತ್ತಲಿನ ಗಾಳಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಜರ್ಮನಿಯ ಕ್ಲಾಸ್ ಹೆನ್ಸ್‌ಗೆ ರೂಪಿಸಿದ ಲೆಕ್ಕದ ನಕ್ಷೆಯಲ್ಲಿ ಇವನ್ನೆಲ್ಲ ಹಾಕಿದಾಗ ಸಾವಿನ ಹೊತ್ತು ರಾತ್ರಿ 8.15ರ ಆಸುಪಾಸು ಬಂತು. ಆ ನಕ್ಷೆಯೂ ಇಂಥ ಲೆಕ್ಕದಲ್ಲಿ 2.8 ಗಂಟೆ ಹಿಂದೆ ಮುಂದೆ ಆಗಬಹುದು ಅನ್ನುತ್ತದೆ. ಅಂದರೆ ಸಂಜೆ ಸುಮಾರು 5.30ರಿಂದ ರಾತ್ರಿ 11ರವರೆಗೆ. ಕಿಟಕಿ ರಾತ್ರಿಯಿಡೀ ತೆರೆದಿತ್ತೋ ಇಲ್ಲವೋ ಗೊತ್ತಿಲ್ಲದಿದ್ದರೆ ಅಷ್ಟೂ ನಂಬುವ ಹಾಗಿಲ್ಲ. ಗಡಿಯಾರ ನೋಡಿದ ಹಾಗೆ ಸಾವಿನ ಸಮಯ ಹೇಳುವವರನ್ನು ಕಂಡರೆ ನನಗೆ ಭಯ.

ಈ ಹರವಿನೊಳಗೆ ಅವನೂ ಬರುತ್ತಾನೆ, ಗೆಳತಿಯೂ ಬರುತ್ತಾಳೆ. ಹಾಗಾಗಿ ವೈದ್ಯರ ಲೆಕ್ಕ ಯಾರನ್ನೂ ಬಿಡಿಸಲಿಲ್ಲ, ಸಿಕ್ಕಿಸಲೂ ಇಲ್ಲ. ಬಿಡಿಸಿದ್ದು ಫೋನಿನ ದಾಖಲೆ. ಟೀಚರ್ ಮನೆಯಿಂದ 7.20ಕ್ಕೆ ಗೆಳತಿಯ ನಂಬರಿಗೆ ಕರೆ ಹೋಗಿತ್ತು, ನಾಲ್ಕು ನಿಮಿಷ. ಆಗ ಟೀಚರ್ ಜೀವಂತ ಇದ್ದರು. ಅವನು 7.25ಕ್ಕೆ ಊರಿನ ಇನ್ನೊಂದು ತುದಿಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿದ್ದ. 7.45ರಿಂದ ಬೆಳಿಗ್ಗೆ 6ರವರೆಗೆ ಗೋದಾಮಿನಲ್ಲಿ. 7.30ರಿಂದ 9.20ರವರೆಗೆ ಗೆಳತಿ ಎಲ್ಲಿದ್ದಳು ಅಂತ ಹೇಳುವವರು ಯಾರೂ ಇಲ್ಲ.

ಸಹೋದ್ಯೋಗಿ ಅನುಮತಿ ಪತ್ರ ಪಡೆದು ಅವಳ ಮನೆ ಶೋಧಿಸಿದ. ಮೂರನೇ ಕೀಲಿ ಅವಳ ಕೀಲಿಗೊಂಚಲಿನಲ್ಲೇ ಇತ್ತು. ತೊಳೆದಿಟ್ಟ ಶೂಗಳ ಹೊಲಿಗೆಯ ಸಂದಿನಲ್ಲಿ ಟೀಚರ್ ಅವರ ರಕ್ತ. ಅವಳ ಬೆರಳಚ್ಚು ಆ ಮನೆಯಲ್ಲಿ ಇರುವುದಕ್ಕೆ ಕಾರಣ ಇತ್ತು. ಟೀಚರ್ ರಕ್ತ ಅವಳ ಶೂನಲ್ಲಿ ಇರುವುದಕ್ಕೆ ಇರಲಿಲ್ಲ. ಖಾಲಿ ಚೆಕ್‌ಗಳಿಗೆ ಟೀಚರ್ ಕೈಯಲ್ಲಿ ಸಹಿ ಹಾಕಿಸಿಕೊಂಡು 11 ಸಲ ಹಣ ತೆಗೆದಿದ್ದಳು. ಕಬ್ಬಿಣದ ಗಟ್ಟಿ ಸಿಗಲೇ ಇಲ್ಲ. ಅದು ಇಲ್ಲದೆಯೇ ಆರೋಪ ಪಟ್ಟಿ ಹೋಯಿತು.

60 ವರ್ಷ ದಾಟಿದವರಲ್ಲಿ ಆರರಲ್ಲಿ ಒಬ್ಬರು ಒಂದು ವರ್ಷದಲ್ಲಿ ಯಾವುದಾದರೂ ರೀತಿಯ ದೌರ್ಜನ್ಯ ಅನುಭವಿಸುತ್ತಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಣ ಕಸಿಯುವುದೂ ಅದರಲ್ಲಿ ಒಂದು. ಕಸಿಯುವವರು ಎಷ್ಟೋ ಸಲ ನಂಬಿದವರೇ. ಟೀಚರ್ ಪೊಲೀಸರಿಗೆ ಫೋನ್ ಮಾಡಲಿಲ್ಲ. ಮೊದಲು ಅವಳನ್ನೇ ಕರೆದು ಕೇಳೋಣ ಅಂದುಕೊಂಡರು. ಅವರು ಅಂಥ ಟೀಚರ್.

ಗೈರು

ಇಲ್ಲಿಗೆ ಕೊಲೆಯ ತನಿಖೆ ಮುಗಿಯಿತು. ಲಕೋಟೆಯ ಮೂರನೇ ಪುಟ ಉಳಿದಿತ್ತು.

ಆಮೇಲೆ ಹೇಳುತ್ತೇನೆ ಅಂದಿದ್ದನಲ್ಲ, ಅದನ್ನು ಅವನು ಕೊನೆಗೆ ಹೇಳಿದ. ಎರಡು ವರ್ಷದ ಹಿಂದೆ ಟೀಚರ್ ಹಳೇ ಹಾಜರಿ ಪುಸ್ತಕಗಳಿಗೆ ಬೈಂಡಿಂಗ್ ಹಾಕುತ್ತಿದ್ದರು. ಬೆಂಕಿ ಬಿದ್ದ ವರ್ಷದ್ದೂ ಅದರಲ್ಲಿತ್ತು. ಅದರಲ್ಲಿ ಏನನ್ನೋ ನೋಡಿ ಅವನನ್ನು ಹುಡುಕಿಸಿ ಕರೆಸಿದರು. ಕ್ಷಮಿಸು ಅಂದರು. ಏನು ನೋಡಿದರು ಅಂತ ಪೂರ್ತಿ ಬಿಡಿಸಿ ಹೇಳಿರಲಿಲ್ಲ.

ಸಹೋದ್ಯೋಗಿ ಆ ಪುಸ್ತಕ ಹುಡುಕಿದ. ಬೈಂಡಿಂಗ್ ಕೋಣೆಯ ಕಪಾಟಿನಲ್ಲೇ ಇತ್ತು. ಒಂದು ಪುಟದಿಂದ ಕಾಗದದ ಚೂರು ಹೊರಗೆ ಚಾಚಿತ್ತು. ಬೆಂಕಿಯ ವಾರ. ಆ ವಾರ ಇವಳ ಹೆಸರಿನ ಮುಂದೆ ಸೋಮವಾರದಿಂದ ಗುರುವಾರದವರೆಗೆ ಗೈರು. ಪಕ್ಕದಲ್ಲಿ ಟೀಚರ್ ಕೈಬರಹ: ದಡಾರ. ಬೆಂಕಿ ಬಿದ್ದದ್ದು ಬುಧವಾರ ಮಧ್ಯಾಹ್ನ.

ಅಂದರೆ ಇವಳು ಶಾಲೆಯಲ್ಲೇ ಇರಲಿಲ್ಲ. ಜ್ವರದಲ್ಲಿ ಮನೆಯಲ್ಲಿ ಮಲಗಿದ್ದಳು. ಹುಡುಗ, ಡಬ್ಬಿ, ಗೋಡೆ ಹಾರಿದ್ದು, ಎಲ್ಲ ಆಮೇಲೆ ಯಾರೋ ಹೇಳಿದ್ದು. ಕೇಳಿ ಕೇಳಿ ಅದು ಕಣ್ಣಿನೊಳಗೆ ಚಿತ್ರವಾಗಿ ಕೂತಿತು. ಇದು ಸುಳ್ಳು ಅಲ್ಲ. 1995ರಲ್ಲಿ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್‌ರೆಲ್ 24 ಜನರಿಗೆ, ನೀವು ಚಿಕ್ಕಂದಿನಲ್ಲಿ ಒಮ್ಮೆ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಅಂತ ನಡೆಯದ ಕಥೆ ಹೇಳಿದಾಗ, ಸುಮಾರು ಕಾಲುಭಾಗ ಜನ ಅದನ್ನು ಪೂರ್ತಿಯೋ ಅಲ್ಪಸ್ವಲ್ಪವೋ ತಮ್ಮ ನೆನಪಾಗಿ ಒಪ್ಪಿಕೊಂಡರು. ದೊಡ್ಡವರಿಗೇ ಹಾಗಾದರೆ ಜ್ವರದಿಂದ ಎದ್ದ 12 ವರ್ಷದ ಮಗುವಿನ ಪಾಡೇನು? ಆದರೆ ಆ ಹುಡುಗನಿಗೆ ಹೋದ ಎರಡು ವರ್ಷ ಮಾತ್ರ ನಿಜವಾದ ಎರಡು ವರ್ಷ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಇವಳು ಪ್ರತ್ಯಕ್ಷ ಕಂಡೇ ಇರಲಿಲ್ಲ. ಕಂಡೆ ಅಂತ 26 ವರ್ಷ ನಂಬಿದ್ದಳು. ಆ ನಂಬಿಕೆ ‘ನೋಡಿದ್ದು’ ಅನ್ನುವ ಗುರುತಿನ ಸಮೇತ ಸಹಿಯಾಗಿ ಕಾಗದದ ಮೇಲಿತ್ತು. ಇಲ್ಲದಿದ್ದರೆ ಹಾಜರಿ ಪುಸ್ತಕವನ್ನು ಯಾವುದರ ಪಕ್ಕ ಇಟ್ಟು ನೋಡುವುದು? ತಲೆಯೊಳಗಿನ ನೆನಪಾಗಿದ್ದರೆ ಅದು ಸದ್ದಿಲ್ಲದೆ ಬದಲಾಗುತ್ತಿತ್ತು, ನಾನು ಕೇಳಿದ್ದು ಅಂತ ತಾನೇ ನಯವಾಗಿ ಜಾರುತ್ತಿತ್ತು.

ಅವಳು ಎರಡನೇ ಹೇಳಿಕೆ ಬರೆದಳು. ಇದು ಒಂದೇ ಪುಟ. ಬೆಂಕಿಯ ದಿನ ನಾನು ಶಾಲೆಯಲ್ಲಿ ಇರಲಿಲ್ಲ. ನಾನು ಆತನನ್ನು ನೋಡಿಲ್ಲ. ಮೊದಲ ಹೇಳಿಕೆಯ ಮೂರನೇ ಪುಟದ ಗುರುತು ತಪ್ಪು. 26 ವರ್ಷದ ಹಿಂದೆ ಕೊಟ್ಟ ಮಾತೂ ತಪ್ಪು. ಇದನ್ನು ಹಳೇ ಬೆಂಕಿ ಪ್ರಕರಣದ ಕಡತಕ್ಕೂ ಸೇರಿಸಬೇಕು ಅಂತ ಕೇಳಿಕೊಂಡಳು. ಸೇರಿಸಿದರು.

ಆ ಪ್ರತಿಯನ್ನು ಸಹೋದ್ಯೋಗಿ ಅವನ ಮನೆಗೆ ಕೊಂಡುಹೋಗಿ ಕೊಟ್ಟ. ಅವನು ಬಾಗಿಲಲ್ಲೇ ನಿಂತು ಓದಿದ. ಎರಡು ಸಲ ಓದಿದ. ಇನ್ನಿಬ್ಬರು ಮಕ್ಕಳು ಆ ದಿನ ಶಾಲೆಗೆ ಬಂದಿದ್ದರಾ ಅಂತ ಕೇಳಿದ. ಒಬ್ಬ ಬಂದಿದ್ದ, ಇನ್ನೊಬ್ಬನದು ಮಸಿ ಚೆಲ್ಲಿ ಓದೋಕೆ ಆಗುತ್ತಿಲ್ಲ ಅಂತ ಸಹೋದ್ಯೋಗಿ ಹೇಳಿದ. ಅವನು ತಲೆಯಾಡಿಸಿದ. ಆಮೇಲೆ, ಟೀಚರ್ ಕೈಬರಹ ಇರುವ ಆ ಹಾಜರಿ ಪುಟದ ನಕಲು ಒಂದು ತನಗೆ ಸಿಗುತ್ತದಾ ಅಂತ ಕೇಳಿದ.